ವೇತನ ಸಲಹಾ ಮಂಡಳಿಗೆ ಸದಸ್ಯರು ಬೇಕು ಅಂತ ಅರ್ಜಿ ಕರೆದರೆ ಯಾರು ಹಾಕಬೇಕು?

ಕೋಡಿಬಾಗ ನಾಯ್ಕ (ಕಾರವಾರ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಅಭಿಪ್ರಾಯ ಹೇಳಿ.

ನಾನು ಕಾರವಾರದ ಒಂದು ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ಇದ್ದು ನಿವೃತ್ತನಾದವನು. ಸಂಬಳದ ಬಿಲ್ ಮಾಡುವುದೇ ನನ್ನ ಕೆಲಸ. ಮೊದಲು ಕೈಯಲ್ಲಿ, ಆಮೇಲೆ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ ಎಚ್‌ಆರ್‌ಎಂಎಸ್‌ನಲ್ಲಿ. ನನ್ನ ತಂಗಿಯ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ, ಒಂದು ಖಾಸಗಿ ಕಂಪನಿಯಲ್ಲಿ ಸಂಬಳದ ಲೆಕ್ಕವನ್ನೇ ನೋಡುತ್ತಾಳೆ. ಹೋದ ವಾರ ಒಂದು ಪ್ರಕಟಣೆ ಕಳಿಸಿ, "ಮಾವಾ, ಇದಕ್ಕೆ ನಾನು ಅರ್ಜಿ ಹಾಕಲಾ? ನನ್ನಂಥವರನ್ನು ತಗೊಳ್ತಾರಾ?" ಅಂತ ಕೇಳಿದಳು.

ವಿಷಯ ಇದು. ಅಲ್ಲಿ ಸರ್ಕಾರಿ ಆಸ್ಪತ್ರೆಗಳ ನರ್ಸ್, ಆಂಬುಲೆನ್ಸ್ ಸಿಬ್ಬಂದಿ, ಲ್ಯಾಬ್‌ನವರು, ಸ್ವಚ್ಛತೆ ಮಾಡುವವರು, ಇವರ ಸಂಬಳ ಎಷ್ಟು ಏರಬೇಕು ಅಂತ ಸರ್ಕಾರಕ್ಕೆ ಸಲಹೆ ಕೊಡಲು ಒಂದು ಸ್ವತಂತ್ರ ಮಂಡಳಿ ಇದೆ. ಎನ್‌ಎಚ್‌ಎಸ್ ಪೇ ರಿವ್ಯೂ ಬಾಡಿ ಅಂತಾರೆ, ಎನ್‌ಎಚ್‌ಎಸ್ ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ. ನರ್ಸ್‌ಗಳಿಗೆ 1983ರಿಂದ ಈ ಪದ್ಧತಿ ಇದೆಯಂತೆ. ವೈದ್ಯರಿಗೆ ಬೇರೆ ಮಂಡಳಿ, ಶಾಲಾ ಶಿಕ್ಷಕರಿಗೆ ಬೇರೆ, ಸೈನ್ಯಕ್ಕೆ ಬೇರೆ. ನಮ್ಮ ಹಾಗೆ ಐದಾರು ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆ ಕೂತು ಎದ್ದು ಹೋಗುವ ವೇತನ ಆಯೋಗ ಅಲ್ಲ. ಕಾಯಂ ಇರುತ್ತದೆ, ಸಾಮಾನ್ಯವಾಗಿ ವರ್ಷ ವರ್ಷ ವರದಿ ಕೊಡುತ್ತದೆ. ಸದಸ್ಯರು ಮಾತ್ರ ಅವಧಿ ಮುಗಿದ ಮೇಲೆ ಬದಲಾಗುತ್ತಾರೆ. ಆ ಜಾಗಕ್ಕೆ ಪತ್ರಿಕೆಯಲ್ಲಿ ಕೆಲಸಕ್ಕೆ ಕರೆದ ಹಾಗೆ ಅರ್ಜಿ ಕರೆಯುತ್ತಾರೆ!

ಇದೇ ನನಗೆ ಆಶ್ಚರ್ಯ ಆಗಿದ್ದು. ನಿವೃತ್ತ ಕಾರ್ಯದರ್ಶಿಯೇ ಆಗಿರಬೇಕು ಅಂತ ಎಲ್ಲೂ ಇಲ್ಲ. ದೊಡ್ಡ ದೊಡ್ಡ ವರದಿ ಓದಿ ಅಂಕಿ ಅಂಶ ಅಳೆಯಲು ಬರಬೇಕು, ಎರಡೂ ಕಡೆಯವರ ಮಾತು ಕೇಳಿಸಿಕೊಳ್ಳುವ ತಾಳ್ಮೆ ಇರಬೇಕು, ಆಸ್ಪತ್ರೆಗಳಿಗೆ ಹೋಗಿ ನೌಕರರ ಜೊತೆ ಕೂತು ಮಾತಾಡಬೇಕು. ಸಂಬಳ ಇಲ್ಲ, ಪಿಂಚಣಿ ಇಲ್ಲ, ಕೆಲಸ ಮಾಡಿದ ದಿನಕ್ಕೆ ಇಷ್ಟು ಅಂತ ಕೊಡುತ್ತಾರೆ. ಕಳೆದ ಐದು ವರ್ಷದಲ್ಲಿ ಯಾವುದಾದರೂ ಪಕ್ಷದ ಕೆಲಸ ಮಾಡಿದ್ದರೆ ಹೇಳಬೇಕು. ಈ ಹುದ್ದೆಯಿಂದ ನಿಮಗೋ ನಿಮ್ಮವರಿಗೋ ಲಾಭ ಆಗುವ ಸಂಬಂಧ ಇದ್ದರೆ ಅದನ್ನೂ ಹೇಳಬೇಕು.

ಈಗ ನಮ್ಮದು ನೋಡಿ. ರಾಜ್ಯದ 7ನೇ ವೇತನ ಆಯೋಗ 2022ರ ನವೆಂಬರ್‌ನಲ್ಲಿ ಬಂತು. ಅಧ್ಯಕ್ಷರು ನಿವೃತ್ತ ಮುಖ್ಯ ಕಾರ್ಯದರ್ಶಿ ಸುಧಾಕರ ರಾವ್. ಜೊತೆಗಿದ್ದ ಇಬ್ಬರು ಸದಸ್ಯರೂ ಸರ್ಕಾರಿ ಸೇವೆಯಿಂದಲೇ ನಿವೃತ್ತರಾದವರು. 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟರು. ಅವರ ಕೆಲಸದ ಬಗ್ಗೆ ನನಗೆ ಗೌರವ ಇದೆ, ಲೆಕ್ಕ ಅಚ್ಚುಕಟ್ಟು. ಹಳೆ ಕನಿಷ್ಠ ಮೂಲ ವೇತನ 17,000, ಅದಕ್ಕೆ ಶೇ 31 ತುಟ್ಟಿಭತ್ಯೆ 5,270, ಶೇ 27.5 ಫಿಟ್‌ಮೆಂಟ್ (ಪರಿಷ್ಕರಣೆಯಲ್ಲಿ ಮೂಲ ವೇತನಕ್ಕೆ ಸೇರಿಸುವ ಏರಿಕೆ) 4,675, ಒಟ್ಟು 26,945. ಅದನ್ನು 27,000 ಮಾಡಿದರು. ಬಿಲ್ ಮಾಡುವವನಿಗೆ ಇಂಥ ಲೆಕ್ಕ ಕಂಡರೆ ಖುಷಿ.

ಆದರೆ ಮನೆ ಬಾಡಿಗೆ ಭತ್ಯೆ? ಊರಿನ ಜನಸಂಖ್ಯೆ ನೋಡಿ ಮೂರು ವರ್ಗ, ಶೇ 20, 15, 7.5. ಕಾರವಾರ ಕೊನೆಯ ವರ್ಗ. 27,000ಕ್ಕೆ ಶೇ 7.5 ಅಂದರೆ 2,025 ರೂಪಾಯಿ. ಇಲ್ಲಿ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಹತ್ತಿರ ಇದೆ, ಮೆಡಿಕಲ್ ಕಾಲೇಜು ಬಂದಿದೆ. ಒಂದು ಕಡೆ ಗುಡ್ಡ, ಒಂದು ಕಡೆ ಸಮುದ್ರ, ನಡುವೆ ಇರುವಷ್ಟೇ ಜಾಗ. ಬಾಡಿಗೆ ಏರದೆ ಏನಾಗುತ್ತದೆ? ನಮ್ಮ ಆಫೀಸಿಗೆ ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಹುಡುಗ ಎರಡು ಕೋಣೆಯ ಮನೆಗೆ ಏಳು ಸಾವಿರ ಕೊಡುತ್ತಿದ್ದ. ಹೆಂಡತಿ ಮಗುವನ್ನು ಊರಲ್ಲೇ ಬಿಟ್ಟು ಕಡೆಗೆ ಮೂವರ ಜೊತೆ ಒಂದು ರೂಮಿಗೆ ಹೋದ. ಅವನ ಬಿಲ್ ಪ್ರತಿ ತಿಂಗಳು ನನ್ನ ಕೈಯಲ್ಲೇ ಹೋಗುತ್ತಿತ್ತು. ನಿಯಮದ ಪ್ರಕಾರ ಎಲ್ಲ ಸರಿ. ಅವನ ಬದುಕು ಮಾತ್ರ ಸರಿ ಇರಲಿಲ್ಲ.

ಹಾಗಾಗಿ ಎರಡು ಪ್ರಶ್ನೆ. ಒಂದು, ಹುಡುಗಿ ಅರ್ಜಿಯಲ್ಲಿ ಏನು ಬರೆಯಬೇಕು? ಇನ್ನೊಂದು, ನಮ್ಮಲ್ಲೂ ಹೀಗೆ ಅರ್ಜಿ ಕರೆದು ಆರಿಸಬಹುದಾ, ಅಥವಾ ಇದು ನನ್ನ ಆಸೆ ಮಾತ್ರವಾ?

———

ಅಂಕೋಲಾ ಗಾಂವಕರ

ನಾಯ್ಕರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಆದರೆ ನನಗೆ ಒಪ್ಪಿಗೆ ಇಲ್ಲ, ನೇರ ಹೇಳುತ್ತೇನೆ.

ವೇತನ ಶ್ರೇಣಿ, ಬಡ್ತಿ, ಪಿಂಚಣಿ, ಭತ್ಯೆ ಇದೆಲ್ಲ ಸಣ್ಣ ವಿಷಯ ಅಲ್ಲ. ಒಳಗೆ ಮೂವತ್ತು ವರ್ಷ ಕೆಲಸ ಮಾಡಿದವರಿಗೇ ತಲೆ ತಿರುಗುತ್ತದೆ, ಹೊರಗಿನವರು ಬಂದು ಕೂತರೆ ಅಧಿಕಾರಿಗಳು ಬರೆದುಕೊಟ್ಟಿದ್ದಕ್ಕೆ ಸಹಿ ಹಾಕಿ ಹೋಗುತ್ತಾರೆ ಅಷ್ಟೆ. ಇನ್ನೊಂದು, 7ನೇ ಆಯೋಗದ್ದು ಜಾರಿ ಮಾಡುವಾಗ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತ ಸರ್ಕಾರವೇ ಹೇಳಿತು. ಅಷ್ಟು ದುಡ್ಡಿನ ವಿಷಯವನ್ನು ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ನಾಲ್ಕು ಜನರ ಕೈಗೆ ಕೊಡುವುದಾ? ಆರಿಸಿ ಬಂದ ಸರ್ಕಾರ ಇರುವುದು ಯಾಕೆ?

ಮತ್ತೆ ಅಲ್ಲಿ ಅಷ್ಟು ಚಂದ ಇದ್ದರೆ ನರ್ಸ್‌ಗಳು ಯಾಕೆ ಮುಷ್ಕರ ಮಾಡಿದರು? 2022ರ ಡಿಸೆಂಬರ್‌ನಲ್ಲಿ ಬೀದಿಗೆ ಬಂದಿದ್ದನ್ನು ಟಿವಿಯಲ್ಲಿ ನಾನೇ ನೋಡಿದ್ದೇನೆ. ನಮ್ಮವರೂ 2023ರ ಮಾರ್ಚ್ 1ಕ್ಕೆ ಮುಷ್ಕರಕ್ಕೆ ಇಳಿದರು, ಆಯೋಗದ ವರದಿ ಬರುವ ಮೊದಲೇ ಕೊಡುವ ಶೇ 17 ಮಧ್ಯಂತರ ಪರಿಹಾರ ಅವತ್ತೇ ಘೋಷಣೆ ಆಯ್ತು. ಕೊಡಿಸಿದ್ದು ಸಂಘಟನೆ, ಆಯೋಗ ಅಲ್ಲ.

———

ಕುಮಟಾ ವಕೀಲೆ

ಗಾಂವಕರ ಸರ್, ಒಂದು ತಿದ್ದುಪಡಿ. ಆ ಮಂಡಳಿಗಳ ಕೈಯಲ್ಲಿ ದುಡ್ಡು ಇಲ್ಲ. ಸಲಹೆ ಮಾತ್ರ. ಸರ್ಕಾರ ಒಪ್ಪದೇ ಇರಬಹುದು, ಒಪ್ಪದೇ ಇದ್ದದ್ದೂ ಇದೆ. 2014ರಲ್ಲಿ ಆರೋಗ್ಯ ಸಿಬ್ಬಂದಿಗೆ ಶೇ 1 ಏರಿಸಿ ಅಂತ ಮಂಡಳಿ ಹೇಳಿತು, ಎಲ್ಲರಿಗೂ ಕೊಡಲು ಸರ್ಕಾರ ಒಪ್ಪಲಿಲ್ಲ. ಆದರೆ ವರದಿ ಬಹಿರಂಗ ಇರುತ್ತದೆ. ಮಂಡಳಿ ಏನು ಹೇಳಿತು, ಸರ್ಕಾರ ಏನು ಮಾಡಿತು ಎರಡೂ ಜನರ ಕಣ್ಣ ಮುಂದೆ. ತಿರಸ್ಕರಿಸಿದರೆ ಕಾರಣ ಹೇಳಬೇಕಾದ ಇಕ್ಕಟ್ಟು ಸರ್ಕಾರಕ್ಕೆ ಬರುತ್ತದೆ. ಮುಷ್ಕರ ನಿಲ್ಲಿಸಲು ಆಗದೇ ಇರಬಹುದು, ಒಪ್ಪಿದೆ.

ನಾಯ್ಕರ ಎರಡನೇ ಪ್ರಶ್ನೆಗೆ: ಖಂಡಿತ ಮಾಡಬಹುದು. ವೇತನ ಆಯೋಗ ಅನ್ನುವುದು ಸರ್ಕಾರದ ಒಂದು ಆದೇಶದಿಂದ ಹುಟ್ಟುವಂಥದ್ದು. ಸದಸ್ಯರನ್ನು ಹೀಗೇ ಆರಿಸಬೇಕು ಅಂತ ಕಟ್ಟಿಹಾಕುವ ಕಾನೂನು ಇಲ್ಲ. ಮನಸ್ಸು ಮಾಡಿದರೆ ಮುಂದಿನ ಆಯೋಗಕ್ಕೇ ಅರ್ಜಿ ಕರೆಯಬಹುದು.

ನಮ್ಮಲ್ಲಿ ಇಂಥದ್ದು ಆಗಿಯೇ ಇಲ್ಲ ಅಂತಲೂ ಅಲ್ಲ. ಮಾಹಿತಿ ಹಕ್ಕು ಕಾಯ್ದೆಯ ಮೇಲ್ಮನವಿ ಕೇಳುವ ಮಾಹಿತಿ ಆಯುಕ್ತರ ನೇಮಕದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲಿ ಒಂದು ತೀರ್ಪು ಕೊಟ್ಟಿತು. ಹುದ್ದೆ ಖಾಲಿ ಆಗುವ ಮೊದಲೇ ಅರ್ಜಿ ಕರೆಯಬೇಕು, ಆಯ್ಕೆಯ ಮಾನದಂಡ ಬಹಿರಂಗ ಇರಬೇಕು, ಬರೀ ಸರ್ಕಾರಿ ಸೇವೆಯಲ್ಲಿದ್ದವರನ್ನೇ ತುಂಬುತ್ತಾ ಹೋಗುವುದು ಸರಿಯಲ್ಲ ಅಂತ. ಅಲ್ಲಿ ಆಗುವುದಾದರೆ ವೇತನಕ್ಕೆ ಯಾಕಾಗಬಾರದು?

ವೇತನ ಸಂಹಿತೆ 2019ರಲ್ಲೂ ನೋಡಿ. ಅದು ಕನಿಷ್ಠ ಕೂಲಿಯ ವಿಷಯ, ಸರ್ಕಾರಿ ವೇತನ ಶ್ರೇಣಿಯದ್ದಲ್ಲ, ಆದರೂ ಹೇಳುತ್ತೇನೆ. ರಾಜ್ಯ ಸಲಹಾ ಮಂಡಳಿಯಲ್ಲಿ ಮಾಲೀಕರು, ಕಾರ್ಮಿಕರು ಸಮ ಸಂಖ್ಯೆಯಲ್ಲಿ, ಜೊತೆಗೆ ಸ್ವತಂತ್ರ ಸದಸ್ಯರು, ಅಧ್ಯಕ್ಷರು ಆ ಸ್ವತಂತ್ರರಲ್ಲೇ ಒಬ್ಬರು. ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ಕೂಲಿ ನಿಗದಿಗೆ ಇಷ್ಟು ಬರೆದಿಟ್ಟಿದ್ದೇವೆ, ಸರ್ಕಾರದ ಸ್ವಂತ ನೌಕರರ ಸಂಬಳಕ್ಕೆ ಒಂದು ಸಾಲೂ ಇಲ್ಲ.

———

ಕೋಡಿಬಾಗ ನಾಯ್ಕ

ಮೇಡಂ, ತುಂಬಾ ಉಪಕಾರ. ಮಾಹಿತಿ ಆಯುಕ್ತರ ವಿಷಯ ನನಗೆ ಹೊಳೆದೇ ಇರಲಿಲ್ಲ.

ಗಾಂವಕರರೇ, ಒಳಗಿನವರಿಗೆ ಜಾಸ್ತಿ ಗೊತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ, ನಾನೂ ಒಳಗಿನವನೇ. ಆದರೆ ಒಳಗಿನವರಿಗೆ ಯಾವುದು ಗೊತ್ತಿಲ್ಲ ಅಂತ ಒಂದು ಉದಾಹರಣೆ ಕೊಡುತ್ತೇನೆ. ಕನಿಷ್ಠ ವೇತನದ ಲೆಕ್ಕಕ್ಕೆ 1957ರ ಕಾರ್ಮಿಕ ಸಮ್ಮೇಳನದ ಸೂತ್ರ ಇದೆ. ಒಂದು ಕುಟುಂಬ ಅಂದರೆ ಮೂರು ಘಟಕ (ಮೂವರು ದೊಡ್ಡವರ ಊಟದ ಲೆಕ್ಕ), ಒಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ. ಕೇಂದ್ರದ 7ನೇ ಆಯೋಗ 18,000 ರೂಪಾಯಿ ಅಂತ ಹೇಳಿದ್ದು ಇದೇ ಸೂತ್ರ ಹಿಡಿದು. ಅದರ ಪಟ್ಟಿಯಲ್ಲಿ ತಿಂಗಳಿಗೆ ಎರಡೂವರೆ ಕಿಲೋ ಮೀನು ಇದೆ. ಬೆಲೆ ದೇಶದ ಸರಾಸರಿ.

ಈಗ ನಮ್ಮ ಮನೆಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ನನ್ನ ಹೆಂಡತಿ ಪೇಟೆಗೆ ಹೋದವಳು ಬಂಗಡೆಯ ಬುಟ್ಟಿ ಮುಂದೆ ನಿಂತು, ದರ ಕೇಳಿ, ಇನ್ನೊಂದು ಬುಟ್ಟಿ ಕೇಳಿ, ಕಡೆಗೆ ಒಣಮೀನು ತಗೊಂಡು ಬರುತ್ತಾಳೆ. ನಮ್ಮ ಕಡೆ ಎರಡೂವರೆ ಕಿಲೋ ಒಂದು ವಾರಕ್ಕೂ ಸಾಲದು. ಶಿರಸಿ ಘಟ್ಟದ ಮೇಲಿನ ಮನೆಗಳಲ್ಲಿ ಎಷ್ಟೋ ಕಡೆ ಮೀನೇ ಬೇಡ, ಹಾಲು ತುಪ್ಪ ಜಾಸ್ತಿ. ಒಂದೇ ಜಿಲ್ಲೆಯಲ್ಲಿ ಇಷ್ಟು ವ್ಯತ್ಯಾಸ. ಎಲ್ಲರ ಮನೆಗೆ ಬೇರೆ ಬೇರೆ ಸಂಬಳ ಕೊಡಿ ಅಂತ ನಾನು ಹೇಳುತ್ತಿಲ್ಲ. ಬುಟ್ಟಿ ಮುಂದೆ ನಿಂತು ದರ ಕೇಳಿದ ಒಬ್ಬರು ಆ ಮೇಜಿನ ಸುತ್ತ ಇರಲಿ ಅಂತ ಕೇಳುತ್ತಿದ್ದೇನೆ.

ಕೇಂದ್ರದ 8ನೇ ಆಯೋಗದಲ್ಲಿ ಸ್ವಲ್ಪ ಬೇರೆ ಥರ ಇದೆ. ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ, ಅರೆಕಾಲಿಕ ಸದಸ್ಯರು ಬೆಂಗಳೂರು ಐಐಎಂನ ಪ್ರಾಧ್ಯಾಪಕ ಪುಲಕ್ ಘೋಷ್. ಆಡಳಿತದ ಹೊರಗಿನವರು ಬಂದಿದ್ದಾರೆ, ಒಳ್ಳೆಯದೇ. ಆದರೆ ಅವರನ್ನೂ ಸರ್ಕಾರವೇ ಹುಡುಕಿ ಕರೆದದ್ದು, ಬೇರೆ ಯಾರಿಗೂ ಅರ್ಜಿ ಹಾಕುವ ದಾರಿ ಇರಲಿಲ್ಲ.

———

ಶಿರಸಿ ಅತಿಥಿ ಶಿಕ್ಷಕಿ

ಇಷ್ಟೆಲ್ಲ ಓದಿದೆ. ಒಂದು ಮಾತು ಕೇಳಬೇಕು ಅನಿಸಿತು.

ನಾನು ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಎರಡು ಬಸ್ ಬದಲಿಸಿ ಹೋಗುತ್ತೇನೆ. ಮಳೆಗಾಲದಲ್ಲಿ ಎರಡನೇ ಬಸ್ ಬರದಿದ್ದರೆ ಮೂರು ಕಿಲೋಮೀಟರ್ ನಡಿಗೆ, ಜಿಗಣೆ ಕಿತ್ತುಕೊಳ್ಳುತ್ತಾ. ಪಕ್ಕದ ತರಗತಿಯ ಕಾಯಂ ಟೀಚರ್ ಮಾಡುವ ಪಾಠವನ್ನೇ ನಾನೂ ಮಾಡುತ್ತೇನೆ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿಯನ್ನೂ ತಗೊಳ್ಳುತ್ತೇನೆ. ನನಗೆ ಸಿಗುವುದು ಗೌರವಧನ. ಅನುದಾನ ಬಂದಾಗ ಬರುತ್ತದೆ. ಹೋದ ವರ್ಷ ಮೂರು ತಿಂಗಳದ್ದು ಒಟ್ಟಿಗೆ ಬಂತು, ಅಷ್ಟರಲ್ಲಿ ಅಂಗಡಿಯ ಸಾಲದ ಪುಸ್ತಕ ತುಂಬಿತ್ತು. ವೇತನ ಆಯೋಗಕ್ಕೂ ನನಗೂ ಸಂಬಂಧವೇ ಇಲ್ಲ. ಅಂಗನವಾಡಿಯವರದ್ದು, ಆಶಾ ಅಕ್ಕಂದಿರದ್ದೂ ಇದೇ ಕಥೆ.

ಸ್ವತಂತ್ರ ಮಂಡಳಿ ಬಂದರೆ ನಮ್ಮಂಥವರು ಅದರ ಲೆಕ್ಕಕ್ಕೆ ಬರುತ್ತೇವಾ? ಇಲ್ಲ ಅಂದರೆ ಅಲ್ಲಿ ಯಾರು ಕೂತರೂ ನಮಗೆ ಒಂದೇ.

———

ಕುಮಟಾ ವಕೀಲೆ

ತಂಗಿ, ನಿಮ್ಮ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಸಿಹಿ ಮಾತು ಹೇಳುವುದಿಲ್ಲ. ಮಂಡಳಿ ಯಾರ ಸಂಬಳ ನೋಡಬೇಕು ಅಂತ ತೀರ್ಮಾನ ಮಾಡುವುದು ಸರ್ಕಾರವೇ, ಇಂಗ್ಲೆಂಡಿನಲ್ಲೂ ಅಷ್ಟೆ. ಅಲ್ಲಿ ಆಸ್ಪತ್ರೆಯೇ ನೇಮಿಸಿದ ಸ್ವಚ್ಛತಾ ಸಿಬ್ಬಂದಿ ಮಂಡಳಿಯ ಲೆಕ್ಕಕ್ಕೆ ಬರುತ್ತಾರೆ, ಗುತ್ತಿಗೆ ಕಂಪನಿಯ ಮೂಲಕ ಬಂದವರು ಬರುವುದಿಲ್ಲ. ಆದರೆ ಅರ್ಜಿ ಕರೆದು ಆರಿಸುವ ಪದ್ಧತಿ ಬಂದರೆ ನಿಮ್ಮಂಥವರೇ ಸದಸ್ಯೆ ಆಗಬಹುದು, ಅದು ವ್ಯತ್ಯಾಸ. ನೀವು ಬರೆದ ಅಂಗಡಿ ಪುಸ್ತಕದ ಮಾತನ್ನು ಸಭೆಯಲ್ಲಿ ಹೇಳಿದರೆ ದಾಖಲಾಗುತ್ತದೆ. ಇವತ್ತು ಅದನ್ನು ಹೇಳಲು ನಿಮಗೆ ಜಾಗವೇ ಇಲ್ಲ.

———

ಸೋಂದಾ ಹೆಗಡೆ

ನಾಯ್ಕರ ಮೊದಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಪ್ರಯತ್ನ ಮಾಡುತ್ತೇನೆ. ದೊಡ್ಡ ಅನುಭವ ಅಲ್ಲ. ನಮ್ಮ ಕಡೆಯ ಒಂದು ಸಹಕಾರಿ ಸಂಘದಲ್ಲಿ ಸಿಬ್ಬಂದಿ ಸಂಬಳ ಪರಿಷ್ಕರಣೆಗೆ ಮೂರು ಜನರ ಸಮಿತಿ ಮಾಡಿದ್ದರು, ಸುಮಾರು ಹನ್ನೆರಡು ವರ್ಷದ ಹಿಂದೆ. ಅದರಲ್ಲಿ ನಾನು ಒಬ್ಬ. ಲೆಕ್ಕ ಬರುತ್ತದೆ, ಯಾರ ಗುಂಪಿನವನೂ ಅಲ್ಲ ಅಂತ ನನ್ನನ್ನು ಹಾಕಿದ್ದರು.

ಮೊದಲ ಸಭೆ. ಅಡಿಕೆ ಮೂಟೆ ಪೇರಿಸಿದ ಗೋದಾಮಿನ ಪಕ್ಕದ ಕೋಣೆ, ಮೇಜಿನ ಮೇಲೆ ಹಾಜರಿ ಪುಸ್ತಕ, ಚಾ ಬಂದಿತ್ತು. ಗುಮಾಸ್ತರ ಶ್ರೇಣಿಯಿಂದ ಶುರು ಮಾಡಿದೆವು. ಅರ್ಧ ಗಂಟೆ ನಾನು ಜೋರಾಗಿಯೇ ವಾದ ಮಾಡಿದೆ, ಗುಮಾಸ್ತರಿಗೆ ಕಡಿಮೆ ಆಗಿದೆ, ಏರಿಸಲೇಬೇಕು ಅಂತ. ಆಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹಿರಿಯ ಹಮಾಲಿ ಮೆಲ್ಲಗೆ ಕೇಳಿದ, "ಹೆಗಡೇರೇ, ಇಲ್ಲಿ ಗುಮಾಸ್ತ ಅಂದ್ರೆ ನಿಮ್ಮ ಭಾವ ಅಲ್ದಾ?"

ಹೌದು. ನನ್ನ ಹೆಂಡತಿಯ ಅಣ್ಣ ಅಲ್ಲೇ ಗುಮಾಸ್ತ. ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಬಾಯಿಬಿಟ್ಟು ಹೇಳಬೇಕು ಅಂತ ನನಗೆ ಅನಿಸಿರಲೇ ಇಲ್ಲ. ನನ್ನ ಲೆಕ್ಕ ತಪ್ಪಾಗಿರಲಿಲ್ಲ, ಇವತ್ತಿಗೂ ಹೇಳುತ್ತೇನೆ ಅದು ಸರಿಯೇ. ಆದರೆ ಆ ಮಾತು ಬಂದ ಮೇಲೆ ಆ ಲೆಕ್ಕವನ್ನು ನಂಬುವವರು ಯಾರೂ ಉಳಿಯಲಿಲ್ಲ. ಗುಮಾಸ್ತರ ವಿಷಯ ಮುಗಿಯುವವರೆಗೆ ನಾನು ಎದ್ದು ಹೊರಗೆ ಕೂತೆ. ಹಮಾಲರ ಪಕ್ಕ. ಅಲ್ಲಿ ಕೂತಾಗ ಅವರ ಕೂಲಿ ಚೀಟಿ ನೋಡಿದೆ. ಮೂಟೆಗೆ ಇಷ್ಟು ಅಂತ ಎಂಟು ವರ್ಷದ ಹಿಂದೆ ನಿಗದಿ ಆದದ್ದು, ಯಾರೂ ಮುಟ್ಟಿರಲಿಲ್ಲ. ನಮ್ಮ ಸಮಿತಿಯ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಯಾಕೆಂದರೆ ಅವರು ಸಿಬ್ಬಂದಿ ಅಲ್ಲ. ಮೇಲೆ ಶಿಕ್ಷಕಿ ಬರೆದದ್ದು ಓದಿ ಅದೇ ನೆನಪಾಯಿತು. ಎರಡನೇ ಸಭೆಯಲ್ಲಿ ಹಟ ಹಿಡಿದು ಅದನ್ನು ಸೇರಿಸಿದೆವು.

ಹಾಗಾಗಿ ನಿಮ್ಮ ತಂಗಿಯ ಮಗಳಿಗೆ ಹೇಳಿ, ಸಂಬಂಧಿಕರು ಯಾರಾದರೂ ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರೆ ಮೊದಲ ಪುಟದಲ್ಲೇ ಬರೆಯಲಿ. ಎಲ್ಲರಿಗೂ ಗೊತ್ತಲ್ಲ ಅಂತ ಬಿಡುವುದು ಬೇಡ. ಹೇಳಿದರೆ ಅವಕಾಶ ತಪ್ಪಿಯೇ ಹೋಗುತ್ತದೆ ಅಂತಿಲ್ಲ, ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಕಷ್ಟ. ಆಮೇಲೆ "ನಾನು ಶ್ರಮಜೀವಿ, ನಿಷ್ಪಕ್ಷಪಾತಿ" ಅಂತೆಲ್ಲ ಬರೆಯುವುದು ಸುಮ್ನೆ. ಅದನ್ನು ಎಲ್ಲರೂ ಬರೆಯುತ್ತಾರೆ. ಲೆಕ್ಕ ನೋಡಿ ತನ್ನ ಅಭಿಪ್ರಾಯ ಬದಲಿಸಿಕೊಂಡ ಒಂದು ಸಂದರ್ಭ ಬರೆಯಲಿ, ಯಾವ ಅಂಕಿ ನೋಡಿದೆ, ಮೊದಲು ಏನು ಅಂದುಕೊಂಡಿದ್ದೆ, ಆಮೇಲೆ ಏನು ಮಾಡಿದೆ ಅಂತ. ಸಂಬಳದ ಲೆಕ್ಕ ನೋಡುವವಳಿಗೆ ಇದು ಇದ್ದೇ ಇರುತ್ತದೆ. ಎಷ್ಟು ಸಲ ಒಂದು ಸಂಬಳ ಚೀಟಿ ನೋಡಿ ಈ ಮನುಷ್ಯ ಹೇಗೆ ಬದುಕುತ್ತಾನೆ ಅಂತ ಅನಿಸಿರುತ್ತದೆ, ಅಲ್ವಾ ನಾಯ್ಕರೇ, ನಿಮಗೆ ಆ ಹಾವೇರಿ ಹುಡುಗನನ್ನು ನೋಡಿ ಅನಿಸಿದ ಹಾಗೆ.

———

ಅಂಕೋಲಾ ಗಾಂವಕರ

ಹೆಗಡೇರ ಮಾತು ಓದಿದ ಮೇಲೆ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಹೊರಗಿನವರು ಬೇಡ ಅನ್ನುವುದಿಲ್ಲ. ಮೂವರಲ್ಲಿ ಒಬ್ಬರನ್ನು ಅರ್ಜಿ ಕರೆದು ತಗೊಳ್ಳಲಿ, ಇಬ್ಬರು ಸೇವಾ ನಿಯಮ ಬಲ್ಲವರು ಇರಲಿ. ಸಂಘಟನೆ ಇಲ್ಲದೆ ಏನೂ ಸಿಗುವುದಿಲ್ಲ ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ.

———

ಕೋಡಿಬಾಗ ನಾಯ್ಕ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಹುಡುಗಿ ಜೊತೆ ಒಂದು ಗಂಟೆ ಮಾತಾಡಿದೆ. ಅವಳ ಗಂಡನ ತಂಗಿ ಅಲ್ಲೇ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಅಂತೆ. "ಅದನ್ನು ಬರೆಯಬೇಕಾ ಮಾವಾ, ಬೇರೆ ಊರಲ್ಲಿದ್ದಾಳಲ್ಲ" ಅಂದಳು. ಹೆಗಡೇರು ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆಯುತ್ತೇನೆ ಅಂದಳು.

ಅರ್ಜಿಗೆ ಶುಕ್ರವಾರ ಕೊನೆ ದಿನ. ಹೆಗಡೇರೇ, ಒಂದು ಕೇಳಬೇಕು. ಸಂದರ್ಶನಕ್ಕೆ ಕರೆದರೆ ಆ ಹಮಾಲಿಯ ಮಾತನ್ನು ಅವಳು ಅಲ್ಲಿ ಹೇಳಬಹುದಾ?

———

ಸೋಂದಾ ಹೆಗಡೆ

ಹೇಳಲಿ. ಸಂಘದ ಹೆಸರು ಬೇಡ. ನಮ್ಮ ಮಾವನ ಊರಿನ ಕಡೆಯ ಹಮಾಲಿ ಒಬ್ಬ ಹೇಳಿದ್ದು ಅಂತಲೇ ಹೇಳಲಿ.